ಇಲ್ಲದ ಹಸುವಿನ ಫೋಟೋ

ಮೊಲೆಫಿಯ ಹಸು ಕಳೆದುಹೋದಾಗ ಅವನು ಗಾಬರಿಯಾಗಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ನೀರಿನ ಬಾಟಲಿ ಹೆಗಲಿಗೆ ಏರಿಸಿಕೊಂಡು, ಮುಳ್ಳುಪೊದೆಗಳ ನಡುವೆ ಗೊರಸಿನ ಗುರುತು ಹುಡುಕುತ್ತ ಅಲೆಯುತ್ತಿದ್ದರು. ಮೊಲೆಫಿ ಮನೆಯ ಮುಂದಿನ ಮೊರುಲಾ ಮರದ ಕೆಳಗೆ ಕುರ್ಚಿ ಎಳೆದುಕೊಂಡು ಕೂತ, ಫೋನ್ ತೆಗೆದ, ಬೆರಳಿನಿಂದ ಒಂದಷ್ಟು ಹೊತ್ತು ಮೇಲೆ ಕೆಳಗೆ ಸರಿಸಿದ, ಆಮೇಲೆ ಪಕ್ಕದ ಮನೆಯವರಿಗೆ ಕೇಳುವ ಹಾಗೆ, "ಅಗೋ, ಇಲ್ಲಿದ್ದಾಳೆ ನೋಡಿ ಮಹಾರಾಣಿ!" ಅಂದ.

ಅವನು ನೋಡುತ್ತಿದ್ದದ್ದು ಕೌನ್ಸಿಲ್ಲಿನ ಕೊಂಡವಾಡದ ಪುಟ. ಬೋಟ್ಸ್ವಾನಾದಲ್ಲಿ ಬೇಲಿಗಿಂತ ಬಯಲು ಹೆಚ್ಚು; ದನ ತಪ್ಪಿಸಿಕೊಳ್ಳುವುದು ಇಲ್ಲಿ ಮಳೆ ಬರುವುದಕ್ಕಿಂತ ಮಾಮೂಲಿ. ಮೊಕೊಬೇಲ ಊರಿನ ಆಸುಪಾಸಿನಲ್ಲಿ ಸಿಕ್ಕ ಬಿಡಾಡಿ ದನಗಳನ್ನೆಲ್ಲ ಹಿಡಿದು ತಂದು ಕೊಂಡವಾಡದಲ್ಲಿ ಕೂಡುತ್ತಾರೆ. ಯಜಮಾನ ಬಂದು ಬರೆಯ ಗುರುತು ತೋರಿಸಿದರೆ ಬಿಟ್ಟುಕೊಡುತ್ತಾರೆ, ಬಾರದಿದ್ದರೆ ಹರಾಜು ಹಾಕುತ್ತಾರೆ. ಮೊದಲೆಲ್ಲ ಹಸು ಅಲ್ಲಿದೆಯೋ ಇಲ್ಲವೋ ತಿಳಿಯಲು ದಿನವಿಡೀ ಲಾರಿಯ ಮೇಲೆ ಕೂತು ಹೋಗಿ, ಇಲ್ಲ ಅನ್ನಿಸಿಕೊಂಡು, ಮೈತುಂಬ ಧೂಳು ಮೆತ್ತಿಕೊಂಡು ವಾಪಸಾಗಬೇಕಿತ್ತು. ಈಗ ಎಲ್ಲ ಫೋನಿನಲ್ಲೇ. ಹಸುವಿನ ಮುಖ, ಮೈಬಣ್ಣ, ಬರೆ, ನಂಬರು.

ಈ ಪುಟವನ್ನು ಕಟ್ಟಿದವಳು ಒರಾಟಿಲೆ, ಮೊಲೆಫಿಯ ಸತ್ತುಹೋದ ತಂಗಿಯ ಮಗಳು. ಅವಳ ಅಪ್ಪ ಅನ್ನಿಸಿಕೊಂಡವನು ತೆರದ ದನ ಕೊಟ್ಟು ಮದುವೆ ಮಾಡಿಕೊಳ್ಳಲೇ ಇಲ್ಲ, ಆದ್ದರಿಂದ ಹುಡುಗಿ ತಾಯಿಯ ಮನೆಗೇ ಸೇರಿದವಳು. ಅವಳನ್ನು ಸಾಕಿದವನು, ಓದಿಸಿದವನು, ಅವಳ ಪರವಾಗಿ ನಾಲ್ಕು ಜನರ ಮುಂದೆ ಮಾತಾಡುವ ಹಕ್ಕುಳ್ಳವನು ಈ ಸೋದರಮಾವನೇ. ಇಲ್ಲಿಯವರು ಸೋದರಮಾವನನ್ನು ಮಾಲೋಮೆ ಅನ್ನುತ್ತಾರೆ, ಹಾಗೆ ಅನ್ನುವಾಗ ದನಿ ಸ್ವಲ್ಪ ತಗ್ಗುತ್ತದೆ.

"ನಮ್ಮ ಹುಡುಗಿ ಮಾಡಿದ್ದು ಕಣ್ರಯ್ಯಾ," ಅಂತ ಮೊಲೆಫಿ ಫೋನನ್ನು ಹೋದಲ್ಲಿ ಬಂದಲ್ಲಿ ತೋರಿಸುತ್ತಿದ್ದ. "ನಿಮ್ಮ ಮಕ್ಳು ಫೋನಲ್ಲಿ ಹಾಡು ಕೇಳ್ತಾರೆ. ನಮ್ಮವಳು ಫೋನಲ್ಲಿ ದನ ಕಾಯ್ತಾಳೆ!"

ಕಳೆದುಹೋದ ಹಸುವಿನ ಹೆಸರು ನಲೆದಿ, ಅಂದರೆ ನಕ್ಷತ್ರ. ಹಣೆಯ ಮೇಲೆ ಬಿಳಿ ಚುಕ್ಕೆ ಇದ್ದುದರಿಂದ ಆ ಹೆಸರು. ಒರಾಟಿಲೆಯ ತಾಯಿ ಶಾಲೆಯ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರಿ, ತನ್ನ ಮೊದಲ ದುಡಿಮೆಯಲ್ಲಿ ಅಣ್ಣನಿಗೆ ಒಂದು ಕಡಸು ಕೊಡಿಸಿದ್ದಳು. ನಲೆದಿ ಆ ಕಡಸಿನ ಮಗಳ ಮಗಳು. ಮೊಲೆಫಿಗೆ ಬೇರೆ ದನಗಳೂ ಇದ್ದವು, ಆದರೆ ಸಂಜೆ ದೊಡ್ಡಿಗೆ ಬಂದಾಗ ಅವನು ಮೊದಲು ಹೆಸರು ಹಿಡಿದು ಕರೆಯುತ್ತಿದ್ದದ್ದು ಇವಳನ್ನೇ. ಅಂಥ ಹಸು ಕೌನ್ಸಿಲ್ಲಿನ ದೊಡ್ಡಿಯಲ್ಲಿದ್ದರೆ ಅವನು ಓಡಿಹೋಗಿ ತರಬೇಕಿತ್ತು ತಾನೇ? ತರಲಿಲ್ಲ. ಮಳೆ ಆಗಷ್ಟೇ ಬಿದ್ದಿತ್ತು, ಉಳುಮೆ ಇತ್ತು, ಪಕ್ಕದವನ ಲಾರಿಯ ಗೇರು ಕೆಟ್ಟು ಕೂತಿತ್ತು. ಅದಕ್ಕಿಂತ ಹೆಚ್ಚಾಗಿ, ದಿನವೂ ಬೆಳಿಗ್ಗೆ ಚಹಾ ಕುಡಿಯುತ್ತ ಫೋನ್ ತೆರೆದರೆ ನಲೆದಿ ಅಲ್ಲೇ ನಿಂತಿರುತ್ತಿದ್ದಳು, ಹೊಟ್ಟೆ ತುಂಬಿಸಿಕೊಂಡು, ಕಿವಿ ನಿಗುರಿಸಿಕೊಂಡು. "ಇರ್ಲಿ ಬಿಡು, ಸರ್ಕಾರದ ಹುಲ್ಲು ತಿಂದು ಇನ್ನೊಂದಿಷ್ಟು ದಪ್ಪ ಆಗ್ಲಿ," ಅಂತ ಅವನು ನಗುತ್ತಿದ್ದ.

ಕೊನೆಗೆ ಬಿತ್ತನೆ ಮುಗಿಸಿ, ಲಾರಿ ರಿಪೇರಿಯಾಗಿ, ಹಗ್ಗ ಹಿಡಿದುಕೊಂಡು ಕೊಂಡವಾಡಕ್ಕೆ ಹೋದ. ನಲೆದಿ ಅಲ್ಲಿರಲಿಲ್ಲ. ಹರಾಜಾಗಿ ಆಗಲೇ ಬಹಳ ದಿನವಾಗಿತ್ತು. ಕೊಂಡವನು ಕೊಂಡವಾಡದ ಮೇಲ್ವಿಚಾರಕ ಕೆನೊಸಿಯ ಹೆಂಡತಿಯ ತಮ್ಮ, ಕಸುಬಿನಿಂದ ಕಟುಕ. ಅಂದಮೇಲೆ ಹಸು ಎಲ್ಲಿ ಅಂತ ಕೇಳುವ ಹಾಗೇ ಇರಲಿಲ್ಲ.

ಮೊಲೆಫಿ ಕೊಂಡವಾಡದ ಗೇಟಿನಲ್ಲೇ ನಿಂತು ಫೋನ್ ತೆರೆದ. ನಲೆದಿ ಫೋನಿನಲ್ಲಿ ಇದ್ದಳು.

"ಇದು ಯಾರು?" ಅಂತ ಕೆನೊಸಿಯ ಮೂಗಿಗೆ ಫೋನ್ ಹಿಡಿದ. "ನಿಮ್ಮಪ್ಪನಾ? ಇವತ್ತು ಬೆಳಿಗ್ಗೆ ಕೂಡ ಇಲ್ಲೇ ಇದ್ಲು. ಕದ್ದು ಮಾರ್ಕೊಂಡು, ಇದೆ ಅಂತ ತೋರಿಸ್ತಾ ಇದೀಯಾ?"

ಕೆನೊಸಿ ಮಾತಿನವನಲ್ಲ. "ಹರಾಜು ಅಂತ ರೇಡಿಯೋದಲ್ಲಿ ಹೇಳಿಸಿದ್ದೆ, ರ್ರಾ. ಖೊಟ್ಲಾದಲ್ಲೂ ಸಾರಿಸಿದ್ದೆ," ಅಂದ, ಸ್ವಾಮಿ ಅನ್ನುವ ಹಾಗೆ ರ್ರಾ ಸೇರಿಸಿ, ಅಷ್ಟೇ. ಫೋನಿನಲ್ಲಿ ಕಾಣುತ್ತಿದ್ದ ಹಸುವಿನ ಬಗ್ಗೆ ಏನು ಹೇಳಬೇಕೆಂದು ಅವನಿಗೂ ತಿಳಿಯಲಿಲ್ಲ. ಆ ಮೌನವೇ ಅವನಿಗೆ ಮುಳುವಾಯಿತು. ಸಂಜೆಯೊಳಗೆ ಊರಿಡೀ ಒಂದೇ ಮಾತು: ಕೆನೊಸಿ ಹಸು ಕದ್ದ. ಮೊಲೆಫಿ ಖೊಟ್ಲಾಕ್ಕೆ ದೂರು ಕೊಟ್ಟ. ಖೊಸಿ, ಅಂದರೆ ಊರಿನ ಮುಖ್ಯಸ್ಥ, ಮೊಟ್ಸುಮಿ ಎಲ್ಲರನ್ನೂ ಕೂಡಿಸಿ ನ್ಯಾಯ ಕೇಳುವ ಜಾಗ ಅದು. ಕೌನ್ಸಿಲ್ಲಿನ ಕಾರ್ಯದರ್ಶಿಯೂ ಬರುವುದಾಗಿ ಹೇಳಿ ಕಳಿಸಿದರು. ಖೊಟ್ಲಾದಲ್ಲಿ ತಪ್ಪು ಅಂತಾದರೆ ಕೆನೊಸಿಗೆ ಅವತ್ತೇ ಮನೆಗೆ ದಾರಿ, ಅದರ ಬಗ್ಗೆ ಯಾರಿಗೂ ಅನುಮಾನ ಇರಲಿಲ್ಲ.

ಒರಾಟಿಲೆಗೆ ಮೊದಲು ಬಂದದ್ದು ಸಿಟ್ಟು. ಕೆನೊಸಿ ಹೀಗೆ ಮಾಡುತ್ತಾನೆಂದು ಅವಳು ಎಣಿಸಿರಲಿಲ್ಲ. ಫೋಟೋ ತೆಗೆಯುವುದು ಹೇಗೆ, ಹಾಕುವುದು ಹೇಗೆ, ಮಾರಾಟವಾದ ಮೇಲೆ ಅಳಿಸುವುದು ಹೇಗೆ ಅಂತ ಅವನಿಗೆ ಕಲಿಸಿದ್ದವಳು ಅವಳೇ. ಅಳಿಸಲು ಹೇಳಿದ್ದನ್ನು ಅಳಿಸದೆ ಬಿಟ್ಟಿದ್ದಾನಲ್ಲ ಅಂದುಕೊಂಡು, ಮನೆಯೊಡತಿ ಮ್ಮಾ ಬಾದಿಸಾರ ಹಿತ್ತಲಿನ ಬಾಡಿಗೆ ಕೋಣೆಯಲ್ಲಿ ಕಂಪ್ಯೂಟರ್ ತೆರೆದು ಕೂತಳು. ತಟ್ಟೆಯಲ್ಲಿ ಎಣ್ಣೆಯಲ್ಲಿ ಕರಿದ ಹಿಟ್ಟಿನುಂಡೆ, ಮಗ್ವಿನ್ಯಾ, ಇತ್ತು, ಅದರಲ್ಲಿ ಒಂದನ್ನು ಬಾಯಿಗೆ ಹಾಕಿಕೊಂಡು ಕೌನ್ಸಿಲ್ಲಿನ ಫೋಟೋಗಳ ಕಡತ ನೋಡಿದಳು. ನಲೆದಿಯ ಫೋಟೋ ಅಲ್ಲಿರಲಿಲ್ಲ.

ಮತ್ತೊಮ್ಮೆ ನೋಡಿದಳು. ಇರಲಿಲ್ಲ. ಹರಾಜಾದ ದಿನವೇ ಕೆನೊಸಿ ಅದನ್ನು ಅಳಿಸಿದ್ದ, ಹೇಳಿಕೊಟ್ಟಂತೆಯೇ.

ಅವಳು ತಟ್ಟೆಯನ್ನು ಪಕ್ಕಕ್ಕೆ ತಳ್ಳಿದಳು. ಕೌನ್ಸಿಲ್ಲಿನಲ್ಲಿ ಇಲ್ಲದ ಫೋಟೋ ಮಾವನ ಫೋನಿಗೆ ಎಲ್ಲಿಂದ ಬಂತು?

ಅವಳ ಪುಟ ನಡೆಯುವ ರೀತಿ ಹೀಗಿತ್ತು. ಪುಟ ತೆರೆದಾಗ ಅದರೊಳಗೆ ಫೋಟೋಗಳೇ ಇರುವುದಿಲ್ಲ, ಖಾಲಿ ಚೌಕಗಳಿರುತ್ತವೆ, ಒಂದೊಂದಕ್ಕೆ ಒಂದೊಂದು ಹಸುವಿನ ನಂಬರು. ನೋಡುವವನು ಬೆರಳು ಸರಿಸಿದಂತೆ, ಯಾವ ಚೌಕ ಕಣ್ಣೆದುರಿಗೆ ಬಂತೋ ಅದರ ನಂಬರು ಹಿಡಿದು ಕೌನ್ಸಿಲ್ಲಿನ ಕಂಪ್ಯೂಟರನ್ನು ಆ ಗಳಿಗೆಯಲ್ಲೇ ಕೇಳಿ ಫೋಟೋ ತರಿಸುತ್ತದೆ. ದನ ಬರುತ್ತವೆ, ಹೋಗುತ್ತವೆ. ಫೋಟೋಗಳನ್ನು ಪುಟಕ್ಕೇ ಹೊಲಿದುಬಿಟ್ಟರೆ ದಿನಾ ಪುಟವನ್ನೇ ಬಿಚ್ಚಿ ಹೊಲಿಯಬೇಕು. ಅವಳು ಪುಟ ಕಟ್ಟಲು ಬಳಸಿದ ಫ್ರೇಮ್‌ವರ್ಕ್‌ನಲ್ಲಿ ಇದಕ್ಕೆ ಒಳ್ಳೆಯ ದಾರಿ ಇತ್ತು, ರಾಜಧಾನಿ ಗಾಬೊರೋನಿಯಲ್ಲಿ ಕೂತು ನೋಡಿದರೆ ಫೋಟೋಗಳು ಪಟಪಟನೆ ಬರುತ್ತಿದ್ದವು. ಮೊಕೊಬೇಲಕ್ಕೆ ಬಂದು ನೋಡಿದರೆ ಚೌಕಗಳು ಖಾಲಿ. ನೆಟ್‌ವರ್ಕ್ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಮುದುಕರು ಫೋನನ್ನು ಡಬ್ಬದಂತೆ ಅಲ್ಲಾಡಿಸಿ, "ಎಲ್ಲೇ ಹುಡುಗಿ, ದನ ಎಲ್ಲಿ?" ಅಂತ ಬಯ್ಯುತ್ತಿದ್ದರು. ಅವರ ಕಾಟ ತಾಳಲಾರದೆ ಒರಾಟಿಲೆ ಒಂದು ಉಪಾಯ ಮಾಡಿದ್ದಳು: ಒಮ್ಮೆ ಬಂದ ಫೋಟೋ ಫೋನಿನಲ್ಲೇ ಉಳಿಯಲಿ. ಮುಂದಿನ ಸಲ ಕೌನ್ಸಿಲ್ಲಿನಿಂದ ಹೊಸದು ಬಂದರೆ ಹೊಸದು, ಬಾರದಿದ್ದರೆ ಉಳಿಸಿಟ್ಟದ್ದನ್ನೇ ತೋರಿಸಲಿ. ಎಲ್ಲರೂ ಹೊಗಳಿದರು. ಅವಳಿಗೂ ತನ್ನ ಬಗ್ಗೆ ಒಂದಿಷ್ಟು ಹೆಮ್ಮೆ ಅನ್ನಿಸಿತ್ತು, ಯಾಕೆ ಸುಳ್ಳು ಹೇಳಬೇಕು.

ಈಗ ಆ ಉಪಾಯಕ್ಕೆ ಬರೆದ ಪ್ರೋಗ್ರಾಮಿನ ಸಾಲುಗಳನ್ನು ತೆರೆದು ಓದಿದಳು. ಫೋಟೋ ಬಾರದೇ ಇರುವುದಕ್ಕೆ ಎರಡು ಕಾರಣ ಇರಬಹುದು. ನೆಟ್‌ವರ್ಕ್ ಸಿಗದೆ ಕೌನ್ಸಿಲ್ಲಿನ ತನಕ ಹೋಗಲಿಕ್ಕೇ ಆಗದಿರಬಹುದು. ಇಲ್ಲವೇ ಹೋಗಿ ಕೇಳಿದಾಗ, "ಆ ಹಸು ನಮ್ಮಲ್ಲಿಲ್ಲ" ಅಂತ ಕೌನ್ಸಿಲ್ಲೇ ಹೇಳಿರಬಹುದು. ಅವಳು ಎರಡಕ್ಕೂ ಒಂದೇ ಸಾಲು ಬರೆದಿದ್ದಳು: ಬರಲಿಲ್ಲವೋ, ಹಳೆಯದನ್ನು ತೋರಿಸು. ನಲೆದಿ ಇಲ್ಲ ಅಂತ ಕೌನ್ಸಿಲ್ಲು ದಿನಾ ಬೆಳಿಗ್ಗೆ ಮೊಲೆಫಿಯ ಫೋನಿಗೆ ಹೇಳುತ್ತಲೇ ಇತ್ತು. ಒರಾಟಿಲೆ ಬರೆದ ಸಾಲು ಅದನ್ನು ಕಿವಿಗೆ ಹಾಕಿಕೊಳ್ಳದೆ, ದಿನಾ ಬೆಳಿಗ್ಗೆ ಹಳೆಯ ನಲೆದಿಯನ್ನು ಹೊರಗೆಳೆದು ನಿಲ್ಲಿಸುತ್ತಿತ್ತು.

ಕಳ್ಳ ಅಂತ ಊರು ಉಗಿಯುತ್ತಿದ್ದ ಮನುಷ್ಯ ಒಂದು ಕೂದಲಿನಷ್ಟೂ ತಪ್ಪು ಮಾಡಿರಲಿಲ್ಲ. ಇದು ಗೊತ್ತಿದ್ದವಳು ಜಗತ್ತಿನಲ್ಲಿ ಅವಳೊಬ್ಬಳೇ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಸಾಲನ್ನು ಮೆಲ್ಲಗೆ ತಿದ್ದಿಬಿಟ್ಟರೆ ಆಯಿತು, ಕೌನ್ಸಿಲ್ಲಿನ ಕೆಲಸವೂ ಉಳಿಯುತ್ತದೆ, ಮಾಲೋಮೆಯ ಮುಂದೆ ಮುಖವೂ ಉಳಿಯುತ್ತದೆ. ಕೆನೊಸಿಯದು ಹೋಗುತ್ತದೆ, ಅಷ್ಟೇ.

ಅವಳು ಎದ್ದು, ಲಾರಿ ಹತ್ತಿ ಕೊಂಡವಾಡಕ್ಕೆ ಹೋದಳು. ಕೆನೊಸಿ ನೀರಿನ ತೊಟ್ಟಿ ಉಜ್ಜುತ್ತಿದ್ದ.

"ರ್ರಾ, ನಲೆದಿ ಫೋಟೋ ನೀವು ಅಳಿಸಿದ್ರಿ ಅಲ್ವಾ?"

"ಅಳಿಸ್ದೆ. ನೀನೇ ಹೇಳ್ಕೊಟ್ಟಿದ್ದೆ."

"ಮತ್ತೆ ಯಾರಿಗೂ ಯಾಕೆ ಹೇಳ್ಲಿಲ್ಲ?"

"ಹೇಳಿ? ಫೋನಲ್ಲಿ ಹಸು ನಿಂತಿದೆ. ನಾನು ಅಳಿಸಿದೀನಿ ಅಂದ್ರೆ ಯಾರು ನಂಬ್ತಾರೆ? ನಂಗೇ ನನ್ ಮೇಲೆ ಅನುಮಾನ ಬಂದುಬಿಟ್ಟಿದೆ, ಮ್ಮಾ. ಎಲ್ಲೋ ಬೇರೆ ಏನಾದ್ರೂ ಒತ್ತಿಬಿಟ್ಟಿದ್ದೀನೇನೋ ಅಂತ." ಅವನು ತೊಟ್ಟಿಯಿಂದ ಕೈ ತೆಗೆದು ಒರೆಸಿಕೊಂಡ. "ನನ್ ಹೆಂಡ್ತಿ ತವರಿಗೆ ಹೋಗಿದಾಳೆ. ಅಂಗಡಿಗೆ ಹೋದ್ರೆ ಮಕ್ಳನ್ನ ರೇಗಿಸ್ತಾರಂತೆ."

ಒರಾಟಿಲೆ ಊರಿಗೆ ವಾಪಸಾಗಿ ನೇರ ಮಾವನ ಮನೆಗೆ ನಡೆದಳು, ಹೇಳಿಯೇಬಿಡಬೇಕು ಅಂತ. ಅಂಗಳದಲ್ಲಿ ಐದಾರು ಜನ ಗಂಡಸರು ಜೋಳದ ಬಿಯರ್ ಹಿಡಿದು ಕೂತಿದ್ದರು. ಮಧ್ಯದಲ್ಲಿ ಮೊಲೆಫಿ ನಾಳೆ ಹೇಳುವ ಮಾತನ್ನು ಇವತ್ತೇ ಹೇಳಿ ತೋರಿಸುತ್ತಿದ್ದ. ಸೊಸೆಯನ್ನು ಕಂಡದ್ದೇ ಅವನ ಮುಖ ಅರಳಿತು.

"ಬಾ ಬಾ, ಮಗಳೇ! ಇವಳೇ ನೋಡಿ ನನ್ನ ಸಾಕ್ಷಿ. ನಾಳೆ ನನ್ನ ಹಿಂದೇನೇ ಕೂತ್ಕೋ. ನೀನೇನೂ ಮಾತಾಡ್ಬೇಕಾಗಿಲ್ಲ, ನಿನ್ನ ಫೋಟೋನೇ ಮಾತಾಡತ್ತೆ."

"ಮಾಲೋಮೆ, ಒಂದ್ನಿಮಿಷ ಒಳಗೆ ಬರ್ತೀರಾ? ಒಂದ್ ವಿಷಯ—"

"ಏನೇ ಅದು ಒಳಗೆ ಹೇಳೋ ವಿಷಯ? ಗಂಡು ಗೊತ್ತಾಯ್ತಾ?" ಅಂದ ಒಬ್ಬ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮೊಲೆಫಿ ನಗಲಿಲ್ಲ. ಅವಳ ತಲೆಯ ಮೇಲೆ ಕೈಯಿಟ್ಟ. "ನಲೆದಿ ಹೋಗಿದ್ದಕ್ಕೆ ನಿಂಗೂ ಹೊಟ್ಟೆ ಉರಿದಿದೆ, ಗೊತ್ತು ನಂಗೆ. ನಿಮ್ಮಮ್ಮನ ಕೈಯಿಂದ ಬಂದಿದ್ದು ಅದು. ನಾಳೆ ನೋಡು, ಆ ನನ್ಮಗನ್ನ ಬಿಡಲ್ಲ."

ಅವಳು ಹೇಳದೆಯೇ ವಾಪಸು ಬಂದಳು. ಬರುವ ದಾರಿಯುದ್ದಕ್ಕೂ ತನ್ನನ್ನು ತಾನೇ ಬೈದುಕೊಂಡಳು.

ಖೊಟ್ಲಾಕ್ಕೆ ಹೆಂಗಸರು ಪ್ಯಾಂಟು ತೊಟ್ಟು ಹೋಗುವಂತಿಲ್ಲ. ಒರಾಟಿಲೆಯ ಹತ್ತಿರ ಇದ್ದದ್ದೆಲ್ಲ ಪ್ಯಾಂಟೇ. ಬೆಳಿಗ್ಗೆ ಮ್ಮಾ ಬಾದಿಸಾ ತಮ್ಮದೊಂದು ನೀಲಿ ಲಂಗ ಕೊಟ್ಟು, ಸೊಂಟದಲ್ಲಿ ನಿಲ್ಲದ್ದಕ್ಕೆ ಎರಡು ಪಿನ್ನು ಚುಚ್ಚಿ, ತಲೆಗೆ ಬಟ್ಟೆ ಕಟ್ಟಿ, ಹೆಗಲಿಗೆ ಶಾಲು ಹೊದಿಸಿದರು. "ಅಲ್ಲಾಡ್ಬೇಡ, ಲಂಗ ಜಾರತ್ತೆ," ಅಂದರು. "ಎದ್ದು ನಿಲ್ಲೋ ಪ್ರಸಂಗ ಬರಲ್ಲ ಬಿಡು ನಿಂಗೆ."

ಬಂತು.

ಮೊಲೆಫಿ ಚೆನ್ನಾಗಿಯೇ ಮಾತಾಡಿದ. ಟೋಪಿ ತೆಗೆದು, ಖೊಸಿಗೆ ವಂದಿಸಿ, ತಂಗಿಯ ಕಡಸಿನಿಂದ ಶುರು ಮಾಡಿ ಕಟುಕನ ಕತ್ತಿಯ ತನಕ ಹೇಳಿದ. ಆಮೇಲೆ ಫೋನನ್ನು ಸಭೆಗೆ ಕೊಟ್ಟ. ಅದು ಕೈಯಿಂದ ಕೈಗೆ ಹೋಯಿತು. ಗಂಡಸರು ಸಂತೆಯಲ್ಲಿ ಹಸು ನೋಡಿದ ಹಾಗೆ ನೋಡಿದರು. "ಕೊಂಬು ಚೆನ್ನಾಗಿದೆ," ಅಂದ ಒಬ್ಬ. "ಮೇದಿದಾಳೆ ಚೆನ್ನಾಗಿ," ಅಂದ ಇನ್ನೊಬ್ಬ. "ಸತ್ತ ಹಸು ಹೀಗಿರಲ್ಲ," ಅಂದ ಮತ್ತೊಬ್ಬ, ಬಹಳ ಯೋಚಿಸಿ. ಕಾರ್ಯದರ್ಶಿ ಕನ್ನಡಕ ಸರಿಮಾಡಿಕೊಂಡು ನೋಡಿ, ತಲೆಯಾಡಿಸಿ, ಏನೋ ಬರೆದುಕೊಂಡರು.

ಕೆನೊಸಿ ಎದ್ದ. "ರೇಡಿಯೋದಲ್ಲಿ ಹೇಳಿಸ್ದೆ. ಇಲ್ಲೇ ಸಾರಿಸ್ದೆ. ಹರಾಜು ಎಲ್ರ ಮುಂದೆ ಆಯ್ತು, ನನ್ನ ಭಾವಮೈದ ಎಲ್ರಿಗಿಂತ ಜಾಸ್ತಿ ಕೂಗ್ದ. ಫೋಟೋ ನಾನು ಅಳಿಸಿದೀನಿ."

"ಅಳಿಸಿದ್ರೆ ಇದೇನು, ದೆವ್ವಾನಾ?" ಅಂತ ಹಿಂದಿನಿಂದ ಯಾರೋ ಕೂಗಿದರು. ಸಭೆ ಗದ್ದಲವಾಯಿತು. ಕೆನೊಸಿ ಇನ್ನೇನೋ ಹೇಳಲು ಬಾಯಿ ತೆರೆದ, ಯಾರಿಗೂ ಕೇಳಿಸಲಿಲ್ಲ, ಕೂತುಬಿಟ್ಟ.

ಕಾರ್ಯದರ್ಶಿ ಎದ್ದರು. ಕೌನ್ಸಿಲ್ಲು ಇಂಥದ್ದನ್ನು ಸಹಿಸುವುದಿಲ್ಲ, ಖೊಸಿಯವರ ಅಪ್ಪಣೆಯಾದರೆ ಈ ಮನುಷ್ಯನನ್ನು ಇವತ್ತಿನಿಂದಲೇ... ಅಂತ ಅವರು ಹೇಳುತ್ತಿದ್ದಂತೆ ಒರಾಟಿಲೆ ಕೈಯೆತ್ತಿದಳು.

ಮೊಲೆಫಿ ತಿರುಗಿ ನೋಡಿ, ಶಭಾಶ್ ಅನ್ನುವ ಹಾಗೆ ಹುಬ್ಬು ಹಾರಿಸಿದ. ಅವಳು ಒಂದು ಕೈಯಲ್ಲಿ ಲಂಗ ಹಿಡಿದುಕೊಂಡು ಎದ್ದು ನಿಂತಳು.

"ಕೆನೊಸಿ ಕಳ್ಳ ಅಲ್ಲ," ಅಂದಳು. ದನಿ ಅವಳಿಗೇ ಕೇಳಿಸಲಿಲ್ಲ. ಇನ್ನೊಮ್ಮೆ ಜೋರಾಗಿ ಅಂದಳು. "ಕೆನೊಸಿ ಕಳ್ಳ ಅಲ್ಲ. ತಪ್ಪು ನಂದು."

ಮಾವನ ಹುಬ್ಬು ಇನ್ನೂ ಮೇಲೆಯೇ ಇತ್ತು, ಇಳಿಯುವುದನ್ನು ಮರೆತ ಹಾಗೆ. ಅವಳು ಆ ಕಡೆ ನೋಡದೆ, ಕಾರ್ಯದರ್ಶಿಗೆ ಅವರ ಸ್ವಂತ ಫೋನ್ ತೆಗೆಯಲು ಹೇಳಿದಳು.

"ರ್ರಾ, ಈ ಪುಟ ನೀವು ಯಾವತ್ತಾದ್ರೂ ತೆರೆದಿದೀರಾ?"

ಕಾರ್ಯದರ್ಶಿ ಕೆಮ್ಮಿದರು. ಕೌನ್ಸಿಲ್ಲಿನ ಪುಟ ಕೌನ್ಸಿಲ್ಲಿನ ಕಾರ್ಯದರ್ಶಿಯೇ ತೆರೆದಿರಲಿಲ್ಲ. "ಸಮಯ ಆಗಿಲ್ಲ," ಅಂದರು. ಹೆಂಗಸರ ಕಡೆಯಿಂದ ಕಿಸಕ್ಕೆಂದು ನಗು ಕೇಳಿಸಿತು.

"ಒಳ್ಳೇದೇ ಆಯ್ತು, ನಿಮ್ಮದ್ರಲ್ಲಿ ಹಳೇ ಫೋಟೋ ಯಾವ್ದೂ ಉಳಿದಿಲ್ಲ. ಈಗ ತೆರೀರಿ." ತೆರೆದರು. ಖೊಟ್ಲಾದ ಹತ್ತಿರ ನೆಟ್‌ವರ್ಕ್ ಪರವಾಗಿರಲಿಲ್ಲ, ಚೌಕಗಳು ಒಂದೊಂದಾಗಿ ತುಂಬಿದವು. "ನಲೆದಿ ಇದಾಳಾ ನೋಡಿ."

ನೋಡಿದರು. ಪಕ್ಕದಲ್ಲಿ ಕೂತಿದ್ದ ಖೊಸಿಯೂ ಬಗ್ಗಿ ನೋಡಿದರು. ಇರಲಿಲ್ಲ. ಎರಡು ಫೋನ್‌ಗಳನ್ನು ಪಕ್ಕಪಕ್ಕ ಇಟ್ಟರು. ಒಂದರಲ್ಲಿ ನಲೆದಿ, ಇನ್ನೊಂದರಲ್ಲಿ ಅವಳ ನಂಬರಿನ ಚೌಕ ಖಾಲಿ.

"ಇದೇನಮ್ಮಾ ಮಾಟ?" ಅಂದರು ಖೊಸಿ.

"ಮಾಟ ಅಲ್ಲ. ನೋಡಿ, ಉಪ್ಪು ಕೇಳ್ಕೊಂಡು ಬಾ ಅಂತ ಮಗೂನ ಪಕ್ಕದ ಮನೆಗೆ ಕಳಿಸ್ತೀವಿ. ಅದು ಬರಿಗೈಲಿ ಬರತ್ತೆ. ಬಾಗಿಲು ಹಾಕಿತ್ತೋ, ಇಲ್ಲಾ ಉಪ್ಪೇ ಇಲ್ಲ ಅಂದ್ರೋ, ಕೇಳ್ಬೇಕಲ್ವಾ? ನಾನು ಕೇಳೋದು ಕಲಿಸ್ಲಿಲ್ಲ. ಬರಿಗೈಲಿ ಬಂದ್ರೆ ನಿನ್ನೆಯ ಉಪ್ಪನ್ನೇ ತೋರಿಸು ಅಂತ ಹೇಳ್ಕೊಟ್ಟಿದೀನಿ. ನಲೆದಿ ಇಲ್ಲ ಅಂತ ಕೌನ್ಸಿಲ್ ದಿನಾ ಹೇಳ್ತಾ ಇತ್ತು. ಮಾಲೋಮೆಗೆ ದಿನಾ ಕಾಣಿಸ್ತಾ ಇದ್ದಿದ್ದು ಉಳುಮೆಗೆ ಮುಂಚೆ ಬಂದ ಹಳೇ ಫೋಟೋ."

"ಹಾಗಾದ್ರೆ ನಿನ್ನ ಫೋನು ಸುಳ್ಳು ಹೇಳ್ತಾ?" ಅಂದರು ಮ್ಮಾ ಬಾದಿಸಾ, ಕೂತಲ್ಲಿಂದಲೇ.

ಒರಾಟಿಲೆ ಅವರ ಕಡೆ ತಿರುಗಿದಳು. ಸುಳ್ಳಲ್ಲ, ಹಳೆಯದು ಅಷ್ಟೇ, ಅನ್ನಬಹುದಿತ್ತು. "ಹೌದು," ಅಂದಳು. "ನಾನು ಹೇಳ್ಕೊಟ್ಟ ಹಾಗೆ ಹೇಳ್ತು."

ಅಷ್ಟು ಹೇಳಿ ಕೂತಳು. ಮಾವನ ಬೆನ್ನು ಅವಳ ಎದುರಿಗೇ ಇತ್ತು. ಅದು ಅಲ್ಲಾಡಲಿಲ್ಲ. ಸೊಸೆಯಾದವಳು ಮಾಲೋಮೆಯ ಎದುರು ಖೊಟ್ಲಾದಲ್ಲಿ ಎದ್ದು ನಿಂತು ಅವನ ಮಾತು ಮುರಿದದ್ದು ಮೊಕೊಬೇಲದಲ್ಲಿ ಯಾರಿಗೂ ನೆನಪಿರಲಿಲ್ಲ. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಯಾರೂ ಮೊಲೆಫಿಯ ಮುಖ ನೋಡಲಿಲ್ಲ.

ಖೊಟ್ಲಾದಲ್ಲಿ ಖೊಸಿ ಮಾತಾಡುವುದು ಎಲ್ಲರದೂ ಮುಗಿದ ಮೇಲೆ. ಇನ್ನು ಹೇಳುವವರು ಯಾರಾದರೂ ಇದ್ದಾರಾ ಅಂತ ಕಾದು, ಇಲ್ಲ ಅಂತ ಖಾತ್ರಿಯಾದ ಮೇಲೆ ಮೊಟ್ಸುಮಿ ಗಂಟಲು ಸರಿಮಾಡಿಕೊಂಡರು.

"ಕೆನೊಸಿ ತನ್ನ ಕೆಲಸ ಮಾಡಿದಾನೆ. ಅವನನ್ನ ಕಳ್ಳ ಅಂದವರೆಲ್ಲ ಅವನ ಮನೆ ಬಾಗಿಲಿಗೆ ಹೋಗಿ ತಪ್ಪಾಯ್ತು ಅನ್ನಿ, ಹೆಂಡ್ತೀನ ಕರ್ಕೊಂಡು ಬನ್ನಿ. ಅದು ಮುಗೀತು. ಇನ್ನು ಹಸು. ದನಗಾಹಿ ಬಂದು ಹಸು ದೊಡ್ಡೀಲಿದೆ ಅಂತಾನೆ. ಯಜಮಾನ ನಂಬಿ ಮಲಗ್ತಾನೆ. ಹಸು ಇರಲ್ಲ, ಹೋಗಿರತ್ತೆ. ನಮ್ಮಲ್ಲಿ ಏನು ಮಾಡ್ತೀವಿ?"

"ದಂಡ!" ಅಂತು ಸಭೆ.

"ಈ ಫೋಟೋ ಮೊಲೆಫಿಗೆ ಹಸು ಇದೆ ಅಂತ ಹೇಳ್ತು. ಫೋಟೋನ ಕಾಯೋಕೆ ಇಟ್ಟವಳು ಒರಾಟಿಲೆ. ಅವಳೇ ಒಪ್ಪಿಕೊಂಡಿದಾಳೆ. ಆದ್ರಿಂದ ಅವಳು ಮೊಲೆಫಿಗೆ ಒಂದು ಕಡಸು ಕೊಡ್ಬೇಕು."

ಒರಾಟಿಲೆಯ ಹತ್ತಿರ ಕೋಳಿಯೂ ಇರಲಿಲ್ಲ. ಆದರೂ ತಲೆಬಾಗಿಸಿ ಒಪ್ಪಿಕೊಂಡಳು.

"ಮದುವೆ ಆಗದ ಹುಡುಗಿ," ಅಂತ ಖೊಸಿ ಮುಂದುವರಿಸಿದರು, ಮುಖದಲ್ಲಿ ಒಂದಿಷ್ಟೂ ನಗು ಇಲ್ಲದೆ. "ತಂದೆ ಕಡೆಯವರು ತೆರ ಕೊಟ್ಟಿಲ್ಲ. ಹಾಗಾಗಿ ಅವಳ ದಂಡ ಕಟ್ಟೋದು ತಾಯಿ ಮನೆಯವರು. ಅವಳ ಮಾಲೋಮೆ ಯಾರಪ್ಪಾ? ಎದ್ದು ನಿಲ್ಲಲಿ."

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಮೊದಲು ಅರ್ಥವಾದದ್ದು ಮ್ಮಾ ಬಾದಿಸಾರಿಗೆ. ಅವರು ಶಾಲಿನಿಂದ ಬಾಯಿ ಮುಚ್ಚಿಕೊಂಡರೂ ಆಗಲಿಲ್ಲ, ಗಹಗಹಿಸಿ ನಕ್ಕರು. ಆಮೇಲೆ ಇಡೀ ಖೊಟ್ಲಾ ನಕ್ಕಿತು. ಕಾರ್ಯದರ್ಶಿ ನಕ್ಕರು, ಕೆನೊಸಿ ಕೂಡ ಮುಖ ಬಗ್ಗಿಸಿ ನಕ್ಕ. "ಮೊಲೆಫಿ, ಬಲಗೈಲಿ ಕೊಡು, ಎಡಗೈಲಿ ಇಸ್ಕೋ!" ಅಂತ ಯಾರೋ ಕೂಗಿದರು.

ಮೊಲೆಫಿ ಎದ್ದ. ಟೋಪಿ ಹಾಕಿಕೊಂಡ. ಖೊಸಿಗೆ ವಂದಿಸಿದ. ತನ್ನ ಕುರ್ಚಿ ಮಡಚಿ ಕಂಕುಳಲ್ಲಿಟ್ಟುಕೊಂಡು, ಒರಾಟಿಲೆಯ ಪಕ್ಕದಿಂದಲೇ ಹಾದು, ಅವಳ ಕಡೆ ಕಣ್ಣೆತ್ತಿಯೂ ನೋಡದೆ ಹೊರಟುಹೋದ. ಅವಳಿಗೆ ಕೇಳಿಸುತ್ತಿದ್ದ ನಗುವೆಲ್ಲ ಆಗ ಕೆಟ್ಟದಾಗಿ ಕೇಳಿಸಿತು.

ಅವತ್ತೇ ಮಧ್ಯಾಹ್ನ ಕೂತು ಆ ಸಾಲನ್ನು ಎರಡು ಮಾಡಿದಳು. ಹೋಗಲಾಗದಿದ್ದರೆ ಹಳೆಯದನ್ನು ತೋರಿಸು, ಅದು ಯಾವತ್ತಿನದು ಅಂತಲೂ ದೊಡ್ಡಕ್ಷರದಲ್ಲಿ ಬರೆ. ಇಲ್ಲ ಅಂದರೆ ಅಳಿಸು. ಅಷ್ಟೇ ಕೆಲಸ. ಮೊದಲೇ ಮಾಡಿದ್ದರೆ ಒಂದು ಚಹಾ ಕುಡಿಯುವಷ್ಟು ಹೊತ್ತು ಹಿಡಿಯುತ್ತಿತ್ತು. ಮಾರನೆಯ ದಿನ ಹೊಸ ಪುಟ ಎಲ್ಲರ ಫೋನಿಗೂ ತಲುಪಿದಾಗ ಊರಿನಲ್ಲಿ ಹಾಹಾಕಾರ. ಎಷ್ಟೋ ಫೋನ್‌ಗಳಿಂದ ಎಷ್ಟೋ ದನಗಳು ಮಾಯ. ಕಾಯುತ್ತ ಕೂತಿದ್ದವರೆಲ್ಲ ಹಗ್ಗ ಹಿಡಿದು ಕೊಂಡವಾಡಕ್ಕೆ ಓಡಿದರು. ಕೆಲವರಿಗೆ ಸಿಕ್ಕಿತು, ಕೆಲವರು ಬಯ್ಯುತ್ತ ಬಂದರು. ಒರಾಟಿಲೆ ಬೈಗುಳವನ್ನೆಲ್ಲ ತಲೆಬಾಗಿ ತಿಂದಳು. ಕೌನ್ಸಿಲ್ಲಿನ ಮುಂದಿನ ಕೆಲಸ ಕೊಡುತ್ತೀರಾ ಅಂತ ಕೇಳಿದ್ದಕ್ಕೆ ಕಾರ್ಯದರ್ಶಿ "ನೋಡೋಣ" ಅಂದಿದ್ದರು. ಅದು ಹೇಗೂ ಆಗಲಿ. ಮಾವನ ಮನೆಯ ಮುಂದೆ ಎರಡು ಸಲ ಹೋಗಿ ಬಂದಳು, ಎರಡು ಸಲವೂ ಅವನು ಊರಾಚೆಯ ದನದ ಹಟ್ಟಿಗೆ ಹೋಗಿದ್ದಾನೆ ಅಂದರು. ರಾತ್ರಿಯೂ ಅಲ್ಲೇ ಇರುತ್ತಾನಂತೆ.

ಕೊನೆಗೆ ಅವನೇ ಹೇಳಿ ಕಳಿಸಿದ: ಭಾನುವಾರ ಹಟ್ಟಿಗೆ ಬಾ.

ಸಕ್ಕರೆ, ಚಹಾಪುಡಿ, ಒಂದು ಬ್ರೆಡ್ಡು ಕಟ್ಟಿಕೊಂಡು ಒರಾಟಿಲೆ ಹೋದಳು. ಮೊಲೆಫಿ ಮುಳ್ಳುಬೇಲಿಯ ಬಾಯಿ ಸರಿಪಡಿಸುತ್ತಿದ್ದ. ಅವಳು ಮಂಡಿ ಬಗ್ಗಿಸಿ ನಮಸ್ಕರಿಸಿದಳು. ಅವನು ಹೂಂ ಅಂದ, ಅಷ್ಟೇ. ಅವಳು ನೀರು ಕಾಯಿಸಿ ಚಹಾ ಮಾಡಿ ಕೊಟ್ಟಳು. ಕುಡಿದ.

"ಜನರ ಮುಂದೆ ನಿಮ್ಗೆ ಅವಮಾನ ಮಾಡ್ದೆ," ಅಂದಳು. "ಹಿಂದಿನ ಸಂಜೇನೇ ಹೇಳ್ಬೇಕಿತ್ತು. ಹೇಳೋಕೆ ಬಂದೆ, ಧೈರ್ಯ ಬರ್ಲಿಲ್ಲ."

"ಬರ್ಲಿಲ್ಲ," ಅಂದ ಮೊಲೆಫಿ. "ಅದಕ್ಕೇ ನಂಗೆ ಕೋಪ. ನಿಂತಿದ್ದಕ್ಕಲ್ಲ. ನನ್ನ ಕಿವೀಲಿ ಹೇಳಿದ್ರೆ ನಾನೇ ಎದ್ದು ಹೇಳ್ತಿದ್ದೆ ಕಣೇ. ನನ್ನನ್ನ ಏನಂತ ತಿಳ್ಕೊಂಡಿದ್ದೆ ನೀನು? ಒಬ್ಬನ ಹೊಟ್ಟೆ ಮೇಲೆ ಹೊಡೆದಾದ್ರೂ ಗೆಲ್ತಾನೆ ಅಂತಾನಾ?"

ಅವಳು ಹಾಗೆಯೇ ತಿಳಿದುಕೊಂಡಿದ್ದಳು.

ಮೊಲೆಫಿ ಎದ್ದು ದೊಡ್ಡಿಯೊಳಗೆ ಹೋಗಿ, ಒಂದು ಕಡಸಿನ ಕೊರಳಿಗೆ ಹಗ್ಗ ಹಾಕಿ ಎಳೆದುಕೊಂಡು ಬಂದ. ಹಗ್ಗದ ತುದಿಯನ್ನು ಅವಳ ಕೈಗೆ ಕೊಟ್ಟ.

"ನಿನ್ನ ಮಾಲೋಮೆ ನಾನು. ನಿನ್ನ ದಂಡಕ್ಕೆ ಅಂತ ಕೊಡ್ತಾ ಇದೀನಿ, ತಗೋ. ಈಗ ನಿಂಗೊಂದು ಹಸು ಇದೆ."

ಅವಳು ಹಗ್ಗ ಹಿಡಿದುಕೊಂಡು ನಿಂತಳು.

"ಏನ್ ನೋಡ್ತೀಯಾ? ಖೊಸಿ ಹೇಳಿಲ್ವಾ, ಮೊಲೆಫಿಗೆ ಕೊಡು ಅಂತ? ಕೊಡು."

ಅವಳು ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು ಅವನಿಗೆ ಕೊಟ್ಟಳು. ಅವನು ಎರಡೂ ಕೈಯಲ್ಲಿ ಇಸಿದುಕೊಂಡ. ಕಡಸಿನ ಕಿವಿ, ಹಲ್ಲು, ಬೆನ್ನು, ಬಾಲ ಎಲ್ಲ ನೋಡಿದ, ಯಾರೋ ಪರಊರಿನವರಿಂದ ಇಸಿದುಕೊಳ್ಳುವ ಹಾಗೆ. ಆಮೇಲೆ ತಲೆಯಾಡಿಸಿದ.

"ದಂಡ ಮುಟ್ತು. ಖೊಸಿಗೆ ಹೇಳ್ಬಿಡು." ಹಗ್ಗವನ್ನು ಮತ್ತೆ ಅವಳ ಕೈಗೇ ತುರುಕಿದ. "ಇದು ಬೇರೆ. ಇದು ನಾನು ಕೊಡ್ತಿರೋದು. ನಲೆದಿಯ ಮಗಳು. ನಿಮ್ಮಮ್ಮ ನಂಗೆ ಕೊಟ್ಳು, ನಾನು ಅದನ್ನ ಕಳಕೊಂಡೆ. ಫೋನು ಸುಳ್ಳು ಹೇಳ್ತು, ಸರಿ. ಆದ್ರೆ ಎದ್ದು ಹೋಗಿ ನೋಡೋಕೆ ಬೇಡ ಅಂತ ಅದೇನೂ ಹೇಳಿರ್ಲಿಲ್ಲ. ಇನ್ಮೇಲೆ ನೀನೇ ಕಾಯ್ಕೋ."

ಒರಾಟಿಲೆಗೆ ಅಳು ತಡೆಯಲಾಗಲಿಲ್ಲ. ಅಳುತ್ತಲೇ ಒಂದು ಕೈಯಲ್ಲಿ ಶಾಲಿನಡಿ ಫೋನ್ ಹುಡುಕಿದಳು, ಕಡಸಿನ ಫೋಟೋ ತೆಗೆಯೋಣ ಅಂತ.

"ಇಡೇ ಅದನ್ನ ಒಳಗೆ," ಅಂದ ಮೊಲೆಫಿ. "ಮೊದ್ಲು ಮುಖ ನೋಡ್ಕೋ ಸರಿಯಾಗಿ."

ಅವಳು ಕಣ್ಣೊರೆಸಿಕೊಂಡು ನೋಡಿದಳು. ಕಡಸು ಮೂಗಿನಿಂದ ಅವಳ ಕೈ ಮೂಸಿ, ಹಗ್ಗ ಜಗ್ಗಿತು.